ಕಡಲು ದಾಟಿದ ಹಾರೈಕೆ

ಅಮೆರಿಕದಲ್ಲಿ ನೆಲೆಸಿದ ಐರಿಷ್ ಮೂಲದವರ ಮನೆಗಳಲ್ಲಿ ಒಂದು ಹಾರೈಕೆಯ ಫಲಕ ಬಹಳ ಸಾಮಾನ್ಯ. ಹಸಿರು ಅಂಚು, ಮೂಲೆಯಲ್ಲಿ ಮೂರೆಲೆಯ ಶ್ಯಾಮ್‌ರಾಕ್ ಚಿತ್ರ, ನಡುವೆ ಹಳೆಯ ಹಸ್ತಪ್ರತಿಯ ಧಾಟಿಯ ಇಂಗ್ಲಿಷ್ ಅಕ್ಷರ. ನಮ್ಮಲ್ಲಿ ಬಾಗಿಲ ಮೇಲೆ ‘ಸುಸ್ವಾಗತ’ ಇದ್ದ ಹಾಗೆ ಅವರಲ್ಲಿ ಇದು. ದಾರಿಯೇ ಮೇಲೆದ್ದು ಬಂದು ನಿನ್ನನ್ನು ಎದುರುಗೊಳ್ಳಲಿ ಎಂದು ಅದರ ಮೊದಲ ಮಾತಿನ ಅರ್ಥ. ಮದುವೆಯಲ್ಲೂ ಇದನ್ನು ಓದುತ್ತಾರೆ, ಮಣ್ಣು ಮಾಡುವಾಗಲೂ ಓದುತ್ತಾರೆ. ಚಹಾ ಬಟ್ಟಲಿನ ಮೇಲೆ, ಕೈ ಒರೆಸುವ ಬಟ್ಟೆಯ ಮೇಲೆ ಅಚ್ಚು ಹಾಕಿ ಮಾರುತ್ತಾರೆ.

ಕೇಳಲು ಚೆಂದವಾಗಿದೆ. ಆದರೆ ಸ್ವಲ್ಪ ಯೋಚಿಸಿದರೆ ಚಿತ್ರ ವಿಚಿತ್ರವಾಗುತ್ತದೆ. ದಾರಿ ಮೇಲೆದ್ದು ಮುಖಕ್ಕೆ ಬರುವುದು ಎಡವಿ ಬಿದ್ದವನಿಗೆ, ಇಲ್ಲವೇ ಕುಡಿದು ನಡೆಯುವವನಿಗೆ. ಇನ್ನು ಏರುದಾರಿ ಬರಲಿ ಎಂದು ಯಾವ ತಾಯಿಯೂ ಮಗಳನ್ನು ಹರಸಿ ಕಳಿಸಲಾರಳು. ಐರಿಷ್ ಭಾಷೆಯಲ್ಲಿ ಈ ಮಾತು ಹೀಗಿದೆ: ‘ಗ ನೈರೀ ಅನ್ ಬೋಹರ್ ಲ್ಯಾತ್.’ ಅಲ್ಲಿನ ಕ್ರಿಯಾಪದಕ್ಕೆ ಏಳು, ಮೇಲೇಳು ಎಂಬ ಅರ್ಥವೇನೋ ಇದೆ. ಆದರೆ ಅದಕ್ಕೆ ‘ಜೊತೆಗೆ’ ಎಂಬ ಪುಟ್ಟ ಪದ ಸೇರಿದಾಗ ಅರ್ಥ ಕೈಗೂಡು, ಫಲಿಸು ಎಂದಾಗುತ್ತದೆ. ಹೋದ ದಾರಿ ಕೈಗೂಡಲಿ, ಪ್ರಯಾಣ ಸುಖವಾಗಲಿ ಎಂಬಷ್ಟೇ ಅದರ ತಾತ್ಪರ್ಯ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ‘ಏಳು’ ಎಂಬ ಮಾತಿನಿಂದಲೇ ‘ಏಳಿಗೆ’ ಹುಟ್ಟಿದೆ. ಮಗನ ಏಳಿಗೆಯಾಗಲಿ ಎಂದು ಅಜ್ಜಿ ಹರಸಿದ್ದನ್ನು ಯಾರಾದರೂ ‘ಮಗ ನೆಲ ಬಿಟ್ಟು ಮೇಲಕ್ಕೆ ಏಳಲಿ’ ಎಂದು ಇಂಗ್ಲಿಷಿಗೆ ತಂದರೆ ಹೇಗೋ, ಇದೂ ಹಾಗೆ.

ಇದನ್ನು ತಪ್ಪು ಅನುವಾದ ಎಂದು ಗುರುತು ಹಾಕಿ ನಕ್ಕುಬಿಡುವುದು ಸುಲಭ. ಐರ್ಲೆಂಡಿನವರು ನಗುತ್ತಾರೆ ಕೂಡ. ಹೊರದೇಶದಲ್ಲಿ ಹುಟ್ಟಿ ಬೆಳೆದು ‘ನಾನೂ ಐರಿಷ್’ ಎನ್ನುವವರಿಗೆ ಅವರು ಇಟ್ಟಿರುವ ಅಡ್ಡಹೆಸರು ‘ಪ್ಲಾಸ್ಟಿಕ್ ಪ್ಯಾಡಿ’. ನನಗೆ ಮಾತ್ರ ಈ ನಗೆಯಲ್ಲಿ ಪೂರ್ತಿ ಪಾಲುಗೊಳ್ಳಲು ಮನಸ್ಸು ಬರುವುದಿಲ್ಲ. ಒಂದು ಜನ ತಮ್ಮ ಮಾತನ್ನೂ ಬಟ್ಟೆಯನ್ನೂ ಕಥೆಯನ್ನೂ ಕಡಲಾಚೆಗೆ ಒಯ್ದಾಗ ಅವು ಬದಲಾಗುವುದು ಸಹಜ. ಆ ದಾರಿಯಲ್ಲಿ ಏನು ಉಳಿಯಿತು, ಏನು ಉದುರಿ ಹೋಯಿತು ಎಂಬುದನ್ನು ನೋಡಬೇಕು. ನೋಡಿದಷ್ಟೂ ನನಗೆ ಕಾಣುವುದು ಇಷ್ಟು: ಉಳಿದದ್ದು ಅದೃಷ್ಟ, ನಗು, ಹಸಿರು ಬಣ್ಣ. ಉದುರಿದ್ದು ಬಹುಪಾಲು ಹೆಂಗಸರ ದುಡಿಮೆ ಮತ್ತು ಅವರ ಅಗಲಿಕೆ.

ಮೊದಲು ಹೋದವರು ಯಾರು ಎಂದು ನೆನೆಯೋಣ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆಗೆ ರೋಗ ತಗುಲಿತು. ಬಡವರ ಊಟವೆಂದರೆ ಆಲೂಗೆಡ್ಡೆಯೇ ಆಗಿದ್ದ ದೇಶ ಅದು. 1852ರ ಹೊತ್ತಿಗೆ ಹಸಿವಿನಿಂದ, ಹಸಿವಿನ ಬೆನ್ನಿಗೆ ಬಂದ ಜ್ವರದಿಂದ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. 1841ರಲ್ಲಿ 80 ಲಕ್ಷ ದಾಟಿದ್ದ ಜನಸಂಖ್ಯೆ ಹತ್ತೇ ವರ್ಷದಲ್ಲಿ 65 ಲಕ್ಷಕ್ಕೆ ಇಳಿಯಿತು. ಆಮೇಲೂ ಹಡಗುಗಳು ಖಾಲಿ ಹೋಗಲಿಲ್ಲ. ಇಂದು ಆ ದ್ವೀಪದಲ್ಲಿರುವವರು 70 ಲಕ್ಷದ ಆಸುಪಾಸು. ತಮ್ಮನ್ನು ಐರಿಷ್ ಮೂಲದವರು ಎಂದುಕೊಳ್ಳುವ ಅಮೆರಿಕನ್ನರು ಮೂರು ಕೋಟಿಗೂ ಮೀರಿ.

ಹೀಗೆ ಹೋದವರಲ್ಲಿ ಒಂದು ವಿಶೇಷವಿತ್ತು. ಯೂರೋಪಿನ ಬೇರೆ ದೇಶಗಳಿಂದ ಮೊದಲು ಗಂಡಸರು ಹೋಗಿ, ನೆಲೆ ಕಂಡ ಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ವಾಡಿಕೆ. ಐರ್ಲೆಂಡಿನಿಂದ ಮದುವೆಯಾಗದ ಹುಡುಗಿಯರೇ ಒಂಟಿಯಾಗಿ ಹೊರಟರು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅವರ ಸಂಖ್ಯೆ ಗಂಡಸರಿಗೆ ಸಮನಾಗಿತ್ತು, ಕೆಲವು ವರ್ಷ ಮೀರಿಯೂ ಇತ್ತು. ಕಾರಣ ಮನೆಯ ಲೆಕ್ಕಾಚಾರದಲ್ಲಿದೆ. ಕ್ಷಾಮದ ನಂತರ ಹೊಲವನ್ನು ಪಾಲು ಮಾಡುವುದು ನಿಂತಿತು. ಒಬ್ಬ ಮಗನಿಗೆ ಹೊಲ, ಒಬ್ಬ ಮಗಳಿಗೆ ವರದಕ್ಷಿಣೆ. ಉಳಿದವರಿಗೆ ಹಡಗಿನ ಟಿಕೆಟ್ಟು. ಹೊರಡುವ ಹಿಂದಿನ ರಾತ್ರಿ ಊರವರೆಲ್ಲ ಸೇರಿ ಬೆಳಗಿನವರೆಗೆ ಹಾಡಿ, ಕುಣಿದು, ಅಳುತ್ತಿದ್ದರು. ಅದಕ್ಕೆ ‘ಅಮೆರಿಕನ್ ವೇಕ್’ ಎಂದು ಹೆಸರು. ವೇಕ್ ಎಂದರೆ ಹೆಣದ ಪಕ್ಕದ ಜಾಗರಣೆ. ಬದುಕಿರುವ ಮಗಳಿಗೆ ತಾಯಿ ಸಾವಿನ ಜಾಗರಣೆ ಮಾಡಿ ಕಳಿಸುತ್ತಿದ್ದಳು, ಏಕೆಂದರೆ ಮತ್ತೆ ನೋಡುವ ಆಸೆ ಇರಲಿಲ್ಲ.

ಆ ಹುಡುಗಿಯರು ಬಾಸ್ಟನ್, ನ್ಯೂಯಾರ್ಕುಗಳ ದೊಡ್ಡ ಮನೆಗಳಲ್ಲಿ ಅಡುಗೆಯವರಾದರು, ನೆಲ ಒರೆಸುವವರಾದರು, ಮಕ್ಕಳನ್ನು ನೋಡಿಕೊಳ್ಳುವವರಾದರು. ಯಾರ ಹೆಸರು ಏನೇ ಇರಲಿ, ಯಜಮಾನಿತಿಯರ ಬಾಯಲ್ಲಿ ಎಲ್ಲರೂ ‘ಬ್ರಿಜೆಟ್’. ‘ಪಕ್’ ಎಂಬ ಹಾಸ್ಯಪತ್ರಿಕೆ 1883ರಲ್ಲಿ ಒಂದು ವ್ಯಂಗ್ಯಚಿತ್ರ ಹಾಕಿತು: ದೈತ್ಯಗಾತ್ರದ ಐರಿಷ್ ಅಡುಗೆಯವಳು ಮುಷ್ಟಿ ಎತ್ತಿ ನಿಂತಿದ್ದಾಳೆ, ಮನೆಯೊಡತಿ ಹೆದರಿ ಮುದುಡಿಕೊಂಡಿದ್ದಾಳೆ. ಈ ಹೆಂಗಸರೇ ತಿಂಗಳ ಸಂಬಳದಲ್ಲಿ ಉಳಿಸಿ ಊರಿಗೆ ಕಳಿಸಿದ ಹಣದಿಂದ ಹೊಲದ ಗುತ್ತಿಗೆ ಸಂದಾಯವಾಯಿತು, ತಂಗಿಯ ಟಿಕೆಟ್ಟು ಬಂತು. ಅವರ ಮರಿಮಕ್ಕಳು ಇಂದು ಮಾರ್ಚ್ 17ರಂದು ಹಸಿರು ಟೋಪಿ ಹಾಕಿಕೊಂಡು ಮೆರವಣಿಗೆ ಹೋಗುತ್ತಾರೆ. ಷಿಕಾಗೋದಲ್ಲಿ 1962ರಿಂದ ಆ ಹಬ್ಬಕ್ಕೆ ನದಿಗೇ ಹಸಿರು ಬಣ್ಣ ಹಾಕುತ್ತಾರೆ. ಆದರೆ ಆ ಹಸಿರಿನಲ್ಲಿ ಬ್ರಿಜೆಟ್ಟಳ ಏಪ್ರನ್ ಎಲ್ಲೂ ಕಾಣುವುದಿಲ್ಲ.

ಮಾತುಗಳಿಗೆ ಬರೋಣ. ‘ಟಾಪ್ ಆಫ್ ದಿ ಮಾರ್ನಿಂಗ್’ ಎಂದರೆ ಐರಿಷರು ಬೆಳಿಗ್ಗೆ ಹೇಳುವ ನಮಸ್ಕಾರ ಎಂದು ಅಮೆರಿಕದವರು ನಂಬಿದ್ದಾರೆ. ಹಿಂದೆ ಯಾವಾಗಲೋ ಇದ್ದ ಈ ಮಾತನ್ನು ಹಾಡು, ನಾಟಕ, ಸಿನಿಮಾಗಳು ಎತ್ತಿಕೊಂಡವು. 1949ರಲ್ಲಿ ಬಿಂಗ್ ಕ್ರಾಸ್ಬಿಯ ಚಿತ್ರವೊಂದಕ್ಕೆ ಅದೇ ಹೆಸರು. ಇಂದಿನ ಐರ್ಲೆಂಡಿನಲ್ಲಿ ಯಾರೂ ತಮಾಷೆಗಲ್ಲದೆ ಅದನ್ನು ಆಡುವುದಿಲ್ಲ. ಐರಿಷ್ ಭಾಷೆಯ ನಿಜವಾದ ನಮಸ್ಕಾರ ‘ದೀಯ ಗ್ವಿತ್’, ದೇವರು ನಿನಗಿರಲಿ ಎಂದು. ಅದಕ್ಕೆ ಉತ್ತರ ಕೊಡುವವರು ದೇವರ ಜೊತೆ ಮೇರಿಯನ್ನೂ ಸೇರಿಸುತ್ತಾರೆ. ಮೂರನೆಯವರು ಬಂದರೆ ಸಂತ ಪ್ಯಾಟ್ರಿಕ್ಕನನ್ನೂ ಸೇರಿಸಬಹುದು. ಕೊಟ್ಟದ್ದಕ್ಕಿಂತ ಒಂದು ಹಿಡಿ ಹೆಚ್ಚು ತುಂಬಿ ಪಾತ್ರೆ ವಾಪಸು ಕೊಡುವ ನೆರೆಮನೆಯ ಪದ್ಧತಿ ನಮಗೂ ಗೊತ್ತು. ಖಾಲಿ ಪಾತ್ರೆ ಹಿಂದಿರುಗಿಸಬಾರದು ಎಂದು ಹಿರಿಯರು ಹೇಳಿಲ್ಲವೇ? ಇಲ್ಲಿ ಮಾತಿಗೇ ಆ ನಿಯಮ. ಇದು ಎದುರು ಬದುರು ನಿಂತ ಇಬ್ಬರ ನಡುವೆ ಬೆಳೆಯುವ ಮಾತು. ಚಹಾ ಬಟ್ಟಲಿನ ಮೇಲೆ ಬರೆದರೆ ಅರ್ಧವೇ ಆಗುತ್ತದೆ, ಬಟ್ಟಲು ಮರುಮಾತಾಡುವುದಿಲ್ಲ.

‘ಐರಿಷರ ಅದೃಷ್ಟ’ ಎಂಬ ಇನ್ನೊಂದು ಮಾತು ಅಮೆರಿಕದಲ್ಲಿ ಬಹಳ ಪ್ರಚಾರದಲ್ಲಿದೆ. ಚಿನ್ನ ಬೆಳ್ಳಿಯ ಗಣಿಗಳಲ್ಲಿ ಐರಿಷರು ದುಡ್ಡು ಮಾಡಿದಾಗ, ಇವರಿಗೆ ಬುದ್ಧಿಯಿಲ್ಲ, ಅದೃಷ್ಟವಿದೆ ಎಂಬ ಕುಹಕದಲ್ಲಿ ಅದು ಹುಟ್ಟಿತು ಎಂದು ಒಂದು ವಿವರಣೆ. ಹುಟ್ಟು ಏನೇ ಇರಲಿ, ಇಂದು ಅದು ಹೊಗಳಿಕೆಯಾಗಿ ಚಲಾವಣೆಯಲ್ಲಿದೆ. ಅರ್ಧ ತುತ್ತಿಗೆ ದೇಶ ಬಿಟ್ಟವರ ಮೊಮ್ಮಕ್ಕಳ ಹೆಸರಿಗೆ ಅದೃಷ್ಟ ಅಂಟಿಕೊಂಡಿತು ನೋಡಿ. ಮನೆಗೆಲಸದ ಹೆಂಗಸು ಮೂವತ್ತು ವರ್ಷ ಕೂಡಿಟ್ಟ ದುಡ್ಡಿಗೂ ಲಾಟರಿಗೂ ವ್ಯತ್ಯಾಸವೇ ಇಲ್ಲವೆನ್ನುವ ಈ ಹೊಗಳಿಕೆಯನ್ನು ನಾನಾದರೆ ಒಪ್ಪಿಕೊಳ್ಳಲಾರೆ.

ಹಾಗೆಂದು ಐರಿಷ್ ಗಾದೆಗಳೆಲ್ಲ ಇಂಗ್ಲಿಷಿನಲ್ಲಿ ಕೆಡುತ್ತವೆ ಎಂದಲ್ಲ. ಒಂದು ಗಾದೆಯನ್ನು ನಾನು ಇಂಗ್ಲಿಷಿನಲ್ಲಿ ಓದಿದಾಗ ಅದು ತಟ್ಟಲಿಲ್ಲ. ಕನ್ನಡದಲ್ಲಿ ಹೇಳಿಕೊಂಡಾಗ ತಟ್ಟಿತು. ಜನ ಬದುಕುವುದು ಒಬ್ಬರು ಇನ್ನೊಬ್ಬರ ನೆರಳಿನಲ್ಲಿ ಎಂದು ಆ ಗಾದೆ. ಐರಿಷಿನ ‘ಸ್ಕಾಹ್’ ಎಂಬ ಪದಕ್ಕೆ ನೆರಳು, ಆಸರೆ ಎರಡೂ ಅರ್ಥ. ಇಂಗ್ಲಿಷಿನಲ್ಲಿ ಒಬ್ಬರ ನೆರಳಿನಲ್ಲಿ ಬದುಕುವುದೆಂದರೆ ತಲೆಯೆತ್ತದೆ ಬದುಕುವುದು. ಹೀಗಾಗಿ ಅನುವಾದಕರು ಆಸರೆ ಎಂಬ ಪದವನ್ನು ಆರಿಸಿಕೊಂಡು ನೆರಳನ್ನು ಬಿಡಬೇಕಾಗುತ್ತದೆ. ಕನ್ನಡದಲ್ಲಿ ಯಾವುದನ್ನೂ ಬಿಡಬೇಕಾಗಿಲ್ಲ. ತಾಯಿ ತಂದೆಯರ ನೆರಳು, ಹಿರಿಯರ ನೆರಳು, ದೊಡ್ಡ ಮರದ ನೆರಳು ಎಂದು ನಾವು ಹೇಳುವಾಗ ಎರಡೂ ಅರ್ಥ ಒಟ್ಟಿಗೆ ಇರುತ್ತದೆ. ಒಬ್ಬೊಬ್ಬರೂ ತಮ್ಮ ಕಾಲ ಮೇಲೆ ನಿಲ್ಲುವುದನ್ನೇ ದೊಡ್ಡ ಗುಣ ಎಂದು ಎಣಿಸುವ ಅಮೆರಿಕದಲ್ಲಿ ರಸ್ತೆ ಮೇಲೇಳುವ ಹಾರೈಕೆ ಅಷ್ಟು ಜನಪ್ರಿಯವಾಗಿ, ನೆರಳಿನ ಗಾದೆ ಹಿಂದುಳಿದದ್ದು ಆಕಸ್ಮಿಕವಿರಲಾರದು. ಒಂದರಲ್ಲಿ ದಾರಿ ನಿಮ್ಮೊಬ್ಬರಿಗಾಗಿ ಎದ್ದು ಬರುತ್ತದೆ. ಇನ್ನೊಂದರಲ್ಲಿ ನೀವು ಪಕ್ಕದವರಿಗೆ ನೆರಳಾಗಬೇಕಾಗುತ್ತದೆ.

ಈಗ ಹೆಣಿಗೆಯ ಕಥೆ. ಐರ್ಲೆಂಡಿನ ಪಶ್ಚಿಮಕ್ಕೆ ಕಡಲಿನಲ್ಲಿ ಆರನ್ ದ್ವೀಪಗಳಿವೆ. ಅಲ್ಲಿನ ಕೆನೆಬಣ್ಣದ ಉಣ್ಣೆಯ ಸ್ವೆಟರುಗಳು ಜಗತ್ಪ್ರಸಿದ್ಧ. ಹಗ್ಗದ ಹಾಗೆ ತಿರುಚಿದ, ಜೇನುಗೂಡಿನ ಹಾಗೆ ಕಾಣುವ ಹೆಣಿಗೆ. ಪ್ರವಾಸಿಗಳಿಗೆ ಹೇಳುವ ಕಥೆ ಹೀಗೆ: ಒಂದೊಂದು ಮನೆತನಕ್ಕೂ ಒಂದೊಂದು ವಿನ್ಯಾಸವಿದ್ದು, ಮೀನುಗಾರ ಮುಳುಗಿ ಸತ್ತರೆ ಸ್ವೆಟರು ನೋಡಿ ಇಂಥ ಮನೆಯವನೆಂದು ಗುರುತು ಹಿಡಿಯುತ್ತಿದ್ದರಂತೆ. ಅಮೆರಿಕದ ಐರಿಷ್ ಮೂಲದವರು ತಮ್ಮ ಮನೆತನದ ವಿನ್ಯಾಸ ಯಾವುದು ಎಂದು ಕೇಳಿ ಕೊಳ್ಳುತ್ತಾರೆ. ಅಂಗಡಿಯವರೂ ಹೆಸರಿಗೊಂದು ವಿನ್ಯಾಸ ತೋರಿಸುತ್ತಾರೆ.

ಈ ಕಥೆಯ ಬೇರು ಒಂದು ನಾಟಕದಲ್ಲಿದೆ. 1904ರಲ್ಲಿ ಡಬ್ಲಿನ್ನಿನಲ್ಲಿ ಮೊದಲು ಆಡಿದ ಜೆ. ಎಂ. ಸಿಂಜ್‌ನ ‘ರೈಡರ್ಸ್ ಟು ದಿ ಸೀ’ ನಾಟಕದಲ್ಲಿ ದೂರದಲ್ಲಿ ತೇಲಿಬಂದ ಹೆಣದ ಬಟ್ಟೆಯ ಗಂಟು ಮನೆಗೆ ಬರುತ್ತದೆ. ತಂಗಿ ನೋರಾ ಕಾಲುಚೀಲದ ಕುಣಿಕೆಗಳನ್ನು ಎಣಿಸುತ್ತಾಳೆ. ತಾನು ಎಷ್ಟು ಕುಣಿಕೆ ಹಾಕಿದ್ದೆ, ಎಲ್ಲಿ ಎಷ್ಟು ತಪ್ಪಿಸಿದ್ದೆ ಎಂಬುದು ಅವಳಿಗೆ ನೆನಪಿದೆ. ಇದು ಅಣ್ಣನದೇ ಎಂದು ಗೊತ್ತಾಗುತ್ತದೆ. ಇಲ್ಲಿ ಮನೆತನದ ಲಾಂಛನವಿಲ್ಲ, ಇರುವುದು ಒಬ್ಬ ಹೆಣ್ಣುಮಗಳ ಕೈಯ ನೆನಪು. ಹೆಣಿಗೆ ಬಲ್ಲ ಯಾರಿಗೂ ಇದು ಅರ್ಥವಾದೀತು. ನಾವು ಹೆಣೆದದ್ದನ್ನು ನಾವು ಗುರುತಿಸುವುದು ಅದರ ಚೆಂದದಿಂದಲ್ಲ, ಕೈ ತಪ್ಪಿದ ಜಾಗದಿಂದ. ಸ್ವೆಟರಿನ ವಿನ್ಯಾಸಗಳಾದರೋ ಅಷ್ಟೇನೂ ಪುರಾತನವಲ್ಲ. ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ದ್ವೀಪದ ಬಡ ಹೆಂಗಸರು ನಾಲ್ಕು ಕಾಸು ಸಂಪಾದನೆಗಾಗಿ ಹೆಣೆಯುತ್ತ ಒಬ್ಬರನ್ನೊಬ್ಬರು ನೋಡಿ ಬೆಳೆಸಿದ ಕಲೆ ಅದು. 1961ರಲ್ಲಿ ಕ್ಲಾನ್ಸಿ ಸೋದರರು ಮತ್ತು ಟಾಮಿ ಮೇಕಮ್ ಅಮೆರಿಕದ ಎಡ್ ಸಲಿವನ್ ಟೆಲಿವಿಷನ್ ಕಾರ್ಯಕ್ರಮದಲ್ಲಿ ಈ ಸ್ವೆಟರು ತೊಟ್ಟು ಹಾಡಿದರು. ಅವರು ಟಿಪ್ಪರರಿ ಮತ್ತು ಆರ್ಮಾ ಪ್ರಾಂತ್ಯದವರು, ಆರನ್ ದ್ವೀಪದವರಲ್ಲ. ನ್ಯೂಯಾರ್ಕಿನ ಚಳಿಗೆ ಮಕ್ಕಳು ಬೆಚ್ಚಗಿರಲಿ ಎಂದು ಕ್ಲಾನ್ಸಿಗಳ ತಾಯಿ ಊರಿನಿಂದ ಕಳಿಸಿದ್ದು ಅದು. ಆಮೇಲೆ ಬೇಡಿಕೆ ಹೇಗೆ ಏರಿತೆಂದರೆ ಹೆಣೆಯುವ ಕೈಗಳು ಸಾಲದಾದವು.

ತಾಯಿಯ ಕಾಳಜಿ, ಬಡವರ ಸಂಪಾದನೆ, ತಂಗಿಯ ನೆನಪು, ಈ ಮೂರೂ ನಿಜವೇ. ಇವುಗಳ ಬದಲು ಇಲ್ಲದ ಮನೆತನದ ಲಾಂಛನ ಮಾರಾಟವಾಯಿತು. ಲಾಂಛನ ಗಂಡಸರ ಹೆಸರಿನಲ್ಲಿ ನಡೆಯುವಂಥದು ಎಂಬುದನ್ನೂ ಗಮನಿಸಬೇಕು. ಹೆಣೆದವಳ ಹೆಸರಿನ ವಿನ್ಯಾಸವೊಂದನ್ನೂ ಅಂಗಡಿಯಲ್ಲಿ ಕೇಳುವವರಿಲ್ಲ.

ಅಮೆರಿಕದವರ ಕಣ್ಣಿನ ಐರ್ಲೆಂಡ್ ಹೇಗಿರುತ್ತದೆ ಎಂದು ತಿಳಿಯಲು 1952ರ ‘ದಿ ಕ್ವೈಟ್ ಮ್ಯಾನ್’ ಚಿತ್ರಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ನಿರ್ದೇಶಕ ಜಾನ್ ಫೋರ್ಡ್ ಐರ್ಲೆಂಡಿನಿಂದ ಬಂದ ತಂದೆ ತಾಯಿಗೆ ಅಮೆರಿಕದಲ್ಲಿ ಹುಟ್ಟಿದವನು. ಮೇಯೋ ಪ್ರಾಂತ್ಯದ ಕಾಂಗ್ ಎಂಬ ಹಳ್ಳಿಯಲ್ಲಿ ಬಹಳಷ್ಟು ಚಿತ್ರೀಕರಣ. ಪಿಟ್ಸ್‌ಬರ್ಗಿನ ಬಾಕ್ಸರ್ ಷಾನ್ ಥಾರ್ನ್‌ಟನ್ ತಾನು ಹುಟ್ಟಿದ ಊರಿಗೆ ಮರಳಿ ಹಳೆಯ ಮನೆ ಕೊಳ್ಳುತ್ತಾನೆ, ಮೇರಿ ಕೇಟ್ ಎಂಬ ಕೆಂಪುಕೂದಲಿನ ಹುಡುಗಿಯನ್ನು ಮದುವೆಯಾಗುತ್ತಾನೆ. ಅವನು ಜಾನ್ ವೇಯ್ನ್, ಅವಳು ಡಬ್ಲಿನ್ನಿನಲ್ಲಿ ಹುಟ್ಟಿದ ಮೌರೀನ್ ಒಹಾರ. ಮದುವೆಯ ದಿನ ಅವಳ ಅಣ್ಣ 350 ಪೌಂಡು ವರದಕ್ಷಿಣೆಯನ್ನು ಕೊಡುವುದಿಲ್ಲ ಎನ್ನುತ್ತಾನೆ. ಷಾನ್‌ಗೆ ಅದರ ಚಿಂತೆಯಿಲ್ಲ; ನನಗೆ ದುಡ್ಡು ಬೇಡ, ನೀನು ಸಾಕು ಎನ್ನುತ್ತಾನೆ. ಅವಳಿಗೆ ಬೇಕು.

ವರದಕ್ಷಿಣೆಯ ಪಿಡುಗನ್ನು ಕಂಡ ನಮಗೆ ಇಲ್ಲಿ ಮೊದಲು ಷಾನ್ ಒಳ್ಳೆಯವನೆನ್ನಿಸುತ್ತಾನೆ. ಆದರೆ ಮೇರಿ ಕೇಟ್ ಏನು ಕೇಳುತ್ತಿದ್ದಾಳೆ ಎಂದು ಕಿವಿಗೊಟ್ಟು ಕೇಳಬೇಕು. ಅಮ್ಮನಿಂದ ಬಂದ ಮೇಜು, ಕುರ್ಚಿ, ಪಿಂಗಾಣಿ ಪಾತ್ರೆ, ಅದರ ಜೊತೆಗೆ ಈ ಹಣ. ಅಣ್ಣನ ಮನೆಯಲ್ಲಿ ಇಷ್ಟು ವರ್ಷ ಕೂಲಿಯಿಲ್ಲದ ಆಳಾಗಿ ದುಡಿದವಳು ತನ್ನದೆಂಬ ವಸ್ತುಗಳ ನಡುವೆ ಮನೆಯೊಡತಿಯಾಗಿ ಬಾಳಬೇಕೆನ್ನುತ್ತಾಳೆ. ಇದು ಗಂಡ ಕಿತ್ತುಕೊಳ್ಳುವ ವರದಕ್ಷಿಣೆಯಲ್ಲ. ನಮ್ಮ ಬಳುವಳಿಗೆ, ಸ್ತ್ರೀಧನಕ್ಕೆ ಹತ್ತಿರವಾದದ್ದು. ಷಾನ್‌ಗೆ ಇದು ಅರ್ಥವಾಗುವುದಿಲ್ಲ. ಚಿತ್ರದಲ್ಲಿ ಅವಳು ತನ್ನ ದಾಂಪತ್ಯದ ತೊಡಕನ್ನು ಹೊಳೆಯ ದಂಡೆಯಲ್ಲಿ ಪಾದ್ರಿಯ ಹತ್ತಿರ ಐರಿಷ್ ಭಾಷೆಯಲ್ಲಿ ಹೇಳಿಕೊಳ್ಳುವ ಒಂದು ದೃಶ್ಯವಿದೆ. ಅದಕ್ಕೆ ಅಡಿಬರಹವಿಲ್ಲ. ಅಮೆರಿಕದ ಪ್ರೇಕ್ಷಕರಿಗೆ ಒಂದು ಮಾತೂ ತಿಳಿಯದು. ಆ ಚಿತ್ರದ ಅತ್ಯಂತ ಪ್ರಾಮಾಣಿಕ ಗಳಿಗೆ ಅದೇ ಎಂದು ನನ್ನ ಎಣಿಕೆ.

ಕೊನೆಯಲ್ಲಿ ಏನಾಗುತ್ತದೆ? ಊರು ಬಿಟ್ಟು ಹೊರಟ ಅವಳನ್ನು ಗಂಡ ರೈಲಿನಿಂದ ಇಳಿಸಿ, ಮೈಲಿಗಟ್ಟಲೆ ಹೊಲದ ಮೇಲೆ ಎಳೆದುಕೊಂಡು ಬರುತ್ತಾನೆ. ಊರವರು ನಗುತ್ತ ಹಿಂಬಾಲಿಸುತ್ತಾರೆ. ಹೆಂಡತಿಗೆ ಹೊಡೆಯಲು ಒಳ್ಳೆಯ ಕೋಲು ಇಲ್ಲಿದೆ ಎಂದು ಒಬ್ಬ ಹೆಂಗಸೇ ಮುಂದೆ ಬರುತ್ತಾಳೆ. ಅಣ್ಣ ಹಣ ಎಸೆಯುತ್ತಾನೆ, ಮೇರಿ ಕೇಟ್ ತಾನೇ ಒಲೆಯ ಬಾಗಿಲು ತೆರೆಯುತ್ತಾಳೆ, ಷಾನ್ ಹಣವನ್ನು ಬೆಂಕಿಗೆ ಹಾಕುತ್ತಾನೆ. ಹಣವಲ್ಲ, ಹಕ್ಕು ಮುಖ್ಯವಾಗಿತ್ತು ಎಂದು ತೋರಿಸಲು ಇದು ಎಂದು ಚಿತ್ರವನ್ನು ಮೆಚ್ಚಿದವರು ಹೇಳುತ್ತಾರೆ. ಇರಬಹುದು. ಆದರೆ ಹಕ್ಕು ಸಾಬೀತಾದ ಕೂಡಲೇ ಅದನ್ನು ಸುಡಬೇಕಾದವಳು ಹೆಂಡತಿ, ಆಮೇಲೆ ಮನೆಗೆ ಹೋಗಿ ರಾತ್ರಿಯ ಅಡುಗೆ ಮಾಡುವವಳೂ ಅವಳೇ. ಗಂಡ ಮತ್ತು ಅಣ್ಣ ಊರ ತುಂಬ ಹೊಡೆದಾಡಿ, ಕುಡಿದು, ಗೆಳೆಯರಾಗಿ ಊಟಕ್ಕೆ ಬರುತ್ತಾರೆ.

ಚಿತ್ರ ಸುಂದರವಾಗಿದೆ, ಹಾಸ್ಯವೂ ಲವಲವಿಕೆಯದು. ಫೋರ್ಡ್‌ಗೆ ಅದಕ್ಕಾಗಿ ಆಸ್ಕರ್ ಬಂತು. ಆದರೂ ಒಂದು ಯೋಚನೆ ನನ್ನನ್ನು ಬಿಡುವುದಿಲ್ಲ. ಮೇಲೆ ಹೇಳಿದ ಲೆಕ್ಕ ನೆನಪಿದೆಯಲ್ಲ: ಒಬ್ಬ ಮಗಳಿಗೆ ವರದಕ್ಷಿಣೆ, ಉಳಿದವರಿಗೆ ಹಡಗು. ಬಾಸ್ಟನ್ನಿನ ಚಿತ್ರಮಂದಿರದಲ್ಲಿ ಕುಳಿತು ಈ ದೃಶ್ಯಕ್ಕೆ ನಕ್ಕವರಲ್ಲಿ ಎಷ್ಟೋ ಜನ ಆ ವರದಕ್ಷಿಣೆ ಸಿಗದ ಹುಡುಗಿಯರ ಮಕ್ಕಳು, ಮೊಮ್ಮಕ್ಕಳು. ಅಮೆರಿಕದಲ್ಲಿ ಪಾತ್ರೆ ತೊಳೆದು ತನ್ನ ವರದಕ್ಷಿಣೆಯನ್ನು ತಾನೇ ಕೂಡಿಸಿಕೊಂಡು ಊರಿಗೆ ಮರಳಿ ಮದುವೆಯಾದವರೂ ಇದ್ದರು. ತಮ್ಮ ಅಜ್ಜಿಯರು ದೇಶ ಬಿಟ್ಟ ಕಾರಣವೇ ಒಲೆಯಲ್ಲಿ ಉರಿಯುವುದನ್ನು ಅವರು ತಮಾಷೆಯಾಗಿ ನೋಡಿದರು. ಇಂದು ಕಾಂಗ್ ಹಳ್ಳಿಗೆ ಪ್ರವಾಸಿಗಳು ಹೋಗುತ್ತಾರೆ. ಅಲ್ಲಿ ವೇಯ್ನ್ ಒಹಾರಳನ್ನು ತೋಳಿನಲ್ಲಿ ಎತ್ತಿಕೊಂಡ ಪ್ರತಿಮೆಯಿದೆ. ಎಳೆದುಕೊಂಡು ಬಂದದ್ದಕ್ಕೆ ಪ್ರತಿಮೆಯಿಲ್ಲ.

ಪ್ರತಿಮೆಯೆಂದಾಗ ಆ್ಯನಿ ಮೂರ್ ನೆನಪಾಗುತ್ತಾಳೆ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲಿಸ್ ದ್ವೀಪದ ವಲಸೆ ಠಾಣೆ ಬಾಗಿಲು ತೆರೆದಾಗ ಮೊದಲು ಒಳಗೆ ಬಂದವಳು ಕಾರ್ಕ್ ಪ್ರಾಂತ್ಯದ ಈ ಹುಡುಗಿ, ಇಬ್ಬರು ತಮ್ಮಂದಿರ ಜೊತೆ. ಅಧಿಕಾರಿಗಳು ಅವಳಿಗೆ ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಆ ದಿನ ಅವಳಿಗೆ ಸರಿಯಾಗಿ 15 ತುಂಬಿತ್ತು ಎಂದು ಕಥೆ ಬೆಳೆಯಿತು. ನಿಜವಾಗಿ ಅವಳಿಗೆ 17. ಮುಂದೆ ಅವಳು ಪಶ್ಚಿಮಕ್ಕೆ ಹೋಗಿ ಟೆಕ್ಸಸ್ಸಿನಲ್ಲಿ ನೆಲೆಸಿ ಅಲ್ಲೇ ಅಪಘಾತದಲ್ಲಿ ಸತ್ತಳೆಂದು ಬಹಳ ಕಾಲ ನಂಬಿದ್ದರು. ಅಮೆರಿಕದ ಕನಸಿಗೆ ಒಪ್ಪುವ ಕಥೆ: ಬಂದಳು, ವಿಶಾಲ ಬಯಲಿಗೆ ನಡೆದಳು.

2006ರಲ್ಲಿ ವಂಶಾವಳಿ ತಜ್ಞೆ ಮೇಗನ್ ಸ್ಮೋಲೆನ್ಯಾಕ್ ದಾಖಲೆಗಳನ್ನು ಕೆದಕಿದಾಗ ಆ ಟೆಕ್ಸಸ್ಸಿನ ಹೆಂಗಸು ಅಮೆರಿಕದಲ್ಲೇ ಹುಟ್ಟಿದ ಬೇರೆ ಆ್ಯನಿ ಎಂದು ತಿಳಿಯಿತು. ನಿಜವಾದ ಆ್ಯನಿ ಹಡಗಿನಿಂದ ಇಳಿದ ಜಾಗದಿಂದ ಹೆಚ್ಚು ದೂರ ಹೋಗಲೇ ಇಲ್ಲ. ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಎಂಬ ಬಡವರ ಕೇರಿಯ ಕೆಲವೇ ಬೀದಿಗಳಲ್ಲಿ ಬಾಳಿ, ಜರ್ಮನ್ ಮೂಲದವನನ್ನು ಮದುವೆಯಾಗಿ, ಹಲವು ಮಕ್ಕಳನ್ನು ಹೆತ್ತು, ಎಷ್ಟನ್ನೋ ಎಳವೆಯಲ್ಲೇ ಕಳೆದುಕೊಂಡು, 1924ರಲ್ಲಿ ಐವತ್ತನೇ ವಯಸ್ಸಿನಲ್ಲಿ ತೀರಿಕೊಂಡಳು. ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದಲ್ಲಿ ಅವಳ ಸಮಾಧಿಗೆ 2008ರವರೆಗೆ ಒಂದು ಕಲ್ಲೂ ಇರಲಿಲ್ಲ. ಅದಕ್ಕೂ ಮೊದಲೇ, 1993ರಲ್ಲಿ, ಐರ್ಲೆಂಡಿನ ಕೋವ್ ಬಂದರಿನಲ್ಲೂ ಎಲಿಸ್ ದ್ವೀಪದಲ್ಲೂ ಅವಳ ಕಂಚಿನ ಪ್ರತಿಮೆ ನಿಂತಿತ್ತು. ಹೆಸರಿಗೆ ಪ್ರತಿಮೆ ಸಿಕ್ಕಿತು. ಬದುಕಿಗೆ ಒಂದು ಕಲ್ಲು ಸಿಗಲು ಇನ್ನೂ ಹದಿನೈದು ವರ್ಷ ಬೇಕಾಯಿತು.

ಹಾಗಾದರೆ ದುಃಖವನ್ನು ನೆನಪಿಟ್ಟುಕೊಂಡರೆ ಎಲ್ಲ ಸರಿಹೋಗುತ್ತದೆಯೇ? ಅದೂ ಅಷ್ಟು ಸರಳವಲ್ಲ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದಲ್ಲಿ ‘ಐರಿಷರೂ ಗುಲಾಮರಾಗಿದ್ದರು, ನಾವೇನು ಗೋಳಿಡುತ್ತೇವೆಯೇ’ ಎಂಬ ವಾದ ಹರಡಿತು. ಕಪ್ಪು ಜನರ ನೋವನ್ನು ಸಣ್ಣದು ಮಾಡಲು ಅದನ್ನು ಬಳಸಿದರು. ಹದಿನೇಳನೇ ಶತಮಾನದಲ್ಲಿ ಕರಾರಿನ ಮೇಲೆ, ಕೆಲವೊಮ್ಮೆ ಬಲವಂತದಿಂದಲೂ, ಐರಿಷರನ್ನು ಕೆರಿಬಿಯನ್ ದ್ವೀಪಗಳಿಗೆ ಸಾಗಿಸಿದ್ದು ನಿಜ, ಅವರು ಕ್ರೂರವಾಗಿ ನವೆದದ್ದೂ ನಿಜ. ಆದರೆ ಅವರ ಕರಾರಿಗೆ ಕೊನೆಯಿತ್ತು. ಅವರ ಹೊಟ್ಟೆಯಲ್ಲಿ ಹುಟ್ಟಿದ ಕೂಸು ಯಜಮಾನನ ಸೊತ್ತಾಗಿರಲಿಲ್ಲ. ಆಫ್ರಿಕದ ತಾಯಿಯ ಕೂಸು ಆಗುತ್ತಿತ್ತು. ಈ ವ್ಯತ್ಯಾಸವನ್ನು ಎತ್ತಿ ತೋರಿಸಲು ಶ್ರಮಪಟ್ಟವರಲ್ಲಿ ಐರ್ಲೆಂಡಿನವನೇ ಆದ ಲಿಯಾಮ್ ಹೋಗನ್ ಮುಖ್ಯ. ಅಜ್ಜಿಯ ಕಣ್ಣೀರನ್ನು ಪಕ್ಕದ ಮನೆಯವಳ ಬಾಯಿ ಮುಚ್ಚಿಸಲು ಬಳಸುವುದು ಅಜ್ಜಿಗೆ ಮಾಡುವ ಮರ್ಯಾದೆಯಲ್ಲ.

ತಪ್ಪೆಲ್ಲ ಅಮೆರಿಕದವರದೇ ಎಂದೂ ಹೇಳಲಾಗದು. ಐರ್ಲೆಂಡಿನಲ್ಲಿ 1960ರವರೆಗೂ ಸಂತ ಪ್ಯಾಟ್ರಿಕ್ ಹಬ್ಬ ಚರ್ಚಿಗೆ ಹೋಗುವ ದಿನ, ಪಬ್ಬುಗಳಿಗೆ ಬಾಗಿಲು. ಅಮೆರಿಕದ ಮೆರವಣಿಗೆಗಳ ವೈಭವ ಕಂಡ ಮೇಲೆ ಡಬ್ಲಿನ್ನಿನವರೂ 1996ರಿಂದ ಅದನ್ನು ದೊಡ್ಡ ಉತ್ಸವ ಮಾಡಿದರು. ಹಸಿರು ಟೋಪಿ, ಮನೆತನದ ಸ್ವೆಟರು, ಹಾರೈಕೆಯ ಫಲಕ ಎಲ್ಲವೂ ಡಬ್ಲಿನ್ನಿನ ಅಂಗಡಿಗಳಲ್ಲೇ ಮಾರಾಟಕ್ಕಿವೆ. ತಮ್ಮ ಭಾಷೆಯನ್ನು ಅಲ್ಲಿಯವರು ಎಷ್ಟು ಉಳಿಸಿಕೊಂಡಿದ್ದಾರೆ? 2022ರ ಜನಗಣತಿಯ ಪ್ರಕಾರ ಶಾಲೆಯ ಹೊರಗೆ ದಿನನಿತ್ಯ ಐರಿಷ್ ಮಾತಾಡುವವರು ಸುಮಾರು 72 ಸಾವಿರ. ಆಡುವವರು ಕಡಿಮೆಯಾದಾಗ ಕ್ರಿಯಾಪದದ ಅರ್ಥ ಹೇಳಿಕೊಡುವವರೂ ಕಡಿಮೆಯಾಗುತ್ತಾರೆ. ಫಲಕದ ತಪ್ಪಿನಲ್ಲಿ ಊರಲ್ಲಿ ಉಳಿದವರ ಪಾಲೂ ಇದೆ.

ನನಗೆ ಹೆಚ್ಚು ಇಷ್ಟವಾಗುವುದು ಮೇರಿ ರಾಬಿನ್ಸನ್ ಮಾಡಿದ ಕೆಲಸ. 1990ರಲ್ಲಿ ಐರ್ಲೆಂಡಿನ ಮೊದಲ ಮಹಿಳಾ ಅಧ್ಯಕ್ಷೆಯಾದ ಆಕೆ ಅಧ್ಯಕ್ಷರ ನಿವಾಸದ ಅಡುಗೆಮನೆಯ ಕಿಟಕಿಯಲ್ಲಿ ಒಂದು ದೀಪ ಇಟ್ಟರು, ದೇಶ ಬಿಟ್ಟು ಹೋದವರಿಗಾಗಿ. ಊರಲ್ಲಿ ಕತ್ತಲಾದ ಮೇಲೆ ದಾರಿಹೋಕರಿಗೆಂದು ಕಿಟಕಿಯಲ್ಲಿ ದೀಪ ಇಡುವ ಪದ್ಧತಿ ಹಳೆಯದು. ಹೋದವರ ಮಕ್ಕಳು ತಪ್ಪು ತಪ್ಪಾಗಿ ಹಾರೈಸುತ್ತಾರೆಂದು ಆಕೆ ನಗಲಿಲ್ಲ; 1995ರಲ್ಲಿ ಸಂಸತ್ತಿನ ಎರಡೂ ಸದನಗಳ ಮುಂದೆ ನಿಂತು, ಹೊರಗಿನವರನ್ನು ಅವರ ವೈವಿಧ್ಯದೊಂದಿಗೇ ನಮ್ಮವರೆಂದು ಕಾಣಬೇಕೆಂದು ವಾದಿಸಿದರು. ಆ್ಯನಿ ಮೂರ್‌ಳ ಪ್ರತಿಮೆಗಳನ್ನು ಅನಾವರಣ ಮಾಡಿದವರೂ ಆಕೆಯೇ. ಅಡುಗೆಮನೆಯ ಗೋಡೆಯ ಫಲಕಕ್ಕೂ ಅಡುಗೆಮನೆಯ ಕಿಟಕಿಯ ದೀಪಕ್ಕೂ ಇರುವ ಅಂತರ ಇಲ್ಲಿದೆ. ದೀಪ ಇಡುವವರಿಗೆ ಹೊರಗೆ ಹೋದ ಒಬ್ಬರು ನೆನಪಿನಲ್ಲಿರಬೇಕು, ಪ್ರತಿ ಸಂಜೆ ಕೈ ಬತ್ತಿಗೋ ಗುಂಡಿಗೋ ಹೋಗಬೇಕು.

ಇದೆಲ್ಲ ಐರಿಷರ ಪಾಡು ಎಂದು ನಾವು ಸುಮ್ಮನಿರುವ ಹಾಗಿಲ್ಲ. ನಮ್ಮ ಸಣ್ಣ ಪಟ್ಟಣಗಳಿಂದಲೂ ಮಕ್ಕಳು ಅಮೆರಿಕಕ್ಕೆ ಹೋಗಿದ್ದಾರೆ. ಅವರು ಹಸಿವಿಗೆ ಹೋದವರಲ್ಲ, ವಿಮಾನದಲ್ಲಿ ಹೋದವರು, ವಾರಕ್ಕೊಮ್ಮೆ ಫೋನಿನಲ್ಲಿ ಮುಖ ತೋರಿಸುವವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಅಲ್ಲಿನ ಕನ್ನಡ ಕೂಟಗಳಲ್ಲಿ ಯುಗಾದಿಗೆ ಬೇವು ಬೆಲ್ಲ ಹಂಚುವಾಗ, ರಾಜ್ಯೋತ್ಸವಕ್ಕೆ ಹಾಡುವಾಗ, ಅಲ್ಲೇ ಹುಟ್ಟಿದ ಮಗು ಏನನ್ನು ಉಳಿಸಿಕೊಳ್ಳುತ್ತದೆ ಎಂಬ ಪ್ರಶ್ನೆ ಇದ್ದೇ ಇದೆ. ಬೇವು ಸಿಗದಿದ್ದರೆ ಬೇರೇನೋ ಕಹಿ ಹಾಕಿಕೊಳ್ಳಲಿ, ಅದಕ್ಕೆ ನಾನು ತಕರಾರು ಮಾಡುವುದಿಲ್ಲ. ಉಚ್ಚಾರ ತಪ್ಪಿದರೂ ಮಾಡುವುದಿಲ್ಲ. ಕಹಿ ಏಕೆ ತಿನ್ನಬೇಕು ಎಂಬುದು ಬಿಟ್ಟುಹೋಗಿ ಬೆಲ್ಲವಷ್ಟೇ ಉಳಿದರೆ ಮಾತ್ರ ಕಸಿವಿಸಿಯಾಗುತ್ತದೆ.

ಒಂದು ಸಣ್ಣ ಮಾತನ್ನೇ ತೆಗೆದುಕೊಳ್ಳಿ. ಮನೆಯಿಂದ ಹೊರಡುವಾಗ ನಾವು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇದನ್ನು ಮಗುವಿಗೆ ಹೇಳಿಕೊಟ್ಟರೆ ಸಂಜೆ ವಾಪಸು ಬರುತ್ತೇನೆ ಎಂಬ ಸಮಾಚಾರವಾಗಿ ಕೇಳಿಸುತ್ತದೆ. ಬಾರದೆ ಹೋಗುವ ಭಯ ಆ ಮಾತಿನ ಹಿಂದಿದೆ ಎಂಬುದನ್ನು ಮಗುವಿಗೆ ಯಾರಾದರೂ ಹೇಳಬೇಕು. ಅದನ್ನು ಯಾವ ಅಜ್ಜಿ, ಯಾವ ಬಸ್ಸಿನ ಕಿಟಕಿಯ ಕೆಳಗೆ ನಿಂತು, ಯಾರ ಬಾಯಿಂದ ಎರಡು ಸಲ ಹೇಳಿಸಿಕೊಂಡಳು ಎಂಬುದನ್ನೂ ಹೇಳಬೇಕು. ಆಮೇಲೆ ಮಗು ಅದನ್ನು ಅಮೆರಿಕದ ರಾಗದಲ್ಲೇ ಹೇಳಲಿ, ಅಡ್ಡಿಯಿಲ್ಲ.